ಹಾರಾಟದ ಜಾಕೆಟ್: ಬಿಲ್ಲೆ ನೋಡಬೇಡಿ, ನೂಲು ನೋಡಿ

ಗದಗ ಸೀಮೆಯ ಹುಡುಗ ಹುಡುಗಿಯರು ಪೈಲಟ್ ಆಗಬೇಕೆಂದರೆ ರಾಜ್ಯ ಬಿಟ್ಟೇ ಹೋಗಬೇಕು ಎನ್ನುವ ಕಾಲ ಇದಲ್ಲ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ತರಬೇತಿ ಸಂಸ್ಥೆಗಳಿಗೆಂದು ದೇಶದಲ್ಲಿ ಐದು ನಿಲ್ದಾಣಗಳನ್ನು ಆರಿಸಿದಾಗ ಅವುಗಳಲ್ಲಿ ಬೆಳಗಾವಿಯೂ ಇತ್ತು, ಕಲಬುರಗಿಯೂ ಇತ್ತು. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆಯಂತೂ 1949ರದ್ದು. ಗದಗ ಹತ್ತಿರದ ಕುರ್ತಕೋಟಿಯಿಂದ ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಬೆಳಗಾವಿಯ ಸಾಂಬ್ರಾದಲ್ಲಿ ಇರಬಹುದು.

ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ತಾಸು ಹಾರಬೇಕು. ಅದಕ್ಕಾಗಿ ಬ್ಯಾಂಕಿನ ಸಾಲ, ಹೊಲದ ಕಾಗದಪತ್ರ, ಮನೆಯ ಬಂಗಾರ ಎಂದು ಹತ್ತಾರು ಲಕ್ಷ ಹೊಂದಿಸಿದ ಕುಟುಂಬದಲ್ಲಿ ಜಾಕೆಟ್ಟಿನ ಮಾತು ಎಲ್ಲದರ ಕೊನೆಗೆ ಬರುತ್ತದೆ. ಹೆಡ್‌ಸೆಟ್, ಸಮವಸ್ತ್ರ, ಪುಸ್ತಕ, ವೈದ್ಯಕೀಯ ತಪಾಸಣೆ ಎಲ್ಲ ಮುಗಿದ ಮೇಲೆ ಉಳಿದ ದುಡ್ಡಿನಲ್ಲಿ ಒಂದು ಬೆಚ್ಚನೆಯ ಜಾಕೆಟ್. ಅವಸರದ ಆ ಕೊನೆಯ ಖರೀದಿಯಲ್ಲೇ ಹೆಚ್ಚಿನವರು ಮೋಸ ಹೋಗುತ್ತಾರೆ. ಪೇಟೆಯಲ್ಲಿ ‘ಪೈಲಟ್ ಜಾಕೆಟ್’ ಎಂದು ಮಾರುವ ಮಾಲಿನ ಬಹುಪಾಲು ಪಾಲಿಯೆಸ್ಟರ್ ಇಲ್ಲವೇ ನೈಲಾನ್. ಬೆಂಕಿಯ ಹತ್ತಿರ ಹೋಗಬಾರದ ಬಟ್ಟೆಗಳಲ್ಲಿ ಇವೆರಡೂ ಸೇರಿವೆ.

ಕಾರಣ ಸರಳ. ಇವು ಕರಗುತ್ತವೆ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಕೆಲವು ಬಗೆಯ ನೈಲಾನ್ 220ರ ಆಸುಪಾಸಿನಲ್ಲೇ ಕರಗುತ್ತದೆ. ಪೆಟ್ರೋಲಿನ ಉರಿಯ ಮುಂದೆ ಅದೇನೂ ದೊಡ್ಡ ಶಾಖವಲ್ಲ. ಕರಗಿದ್ದು ಅಂಟಿನಂತೆ ಚರ್ಮಕ್ಕೆ ಹತ್ತಿಕೊಂಡು ಅಲ್ಲೇ ಸುಡುತ್ತಲೇ ಇರುತ್ತದೆ, ಕಿತ್ತರೆ ಚರ್ಮವನ್ನೂ ಎಳೆದುಕೊಂಡು ಬರುತ್ತದೆ. ಹತ್ತಿ ಬಟ್ಟೆ ಉರಿಯುತ್ತದೆ ನಿಜ, ಆದರೆ ಕರಗಿ ಮೈಗೆ ಅಂಟುವುದಿಲ್ಲ. ಹೆಚ್ಚಿನ ತರಬೇತಿ ವಿಮಾನಗಳಲ್ಲಿ ಇಂಧನದ ಟ್ಯಾಂಕು ರೆಕ್ಕೆಯಲ್ಲೇ ಇರುತ್ತದೆ. ನೆಲಕ್ಕೆ ಬಡಿದು ನಿಂತ ವಿಮಾನದಿಂದ ಬೆಲ್ಟ್ ಬಿಚ್ಚಿ, ಬಾಗಿಲು ದೂಡಿ, ಹೊರಗೆ ಓಡಲು ಸಿಗುವುದು ಕೆಲವೇ ಸೆಕೆಂಡು. ಜಾಕೆಟ್ಟಿನ ಕೆಲಸ ಆ ಸೆಕೆಂಡುಗಳನ್ನು ಕಾಯುವುದು, ಅಷ್ಟೇ. ಬೆಂಕಿಯಲ್ಲಿ ನಿಂತರೂ ಏನೂ ಆಗದ ಬಟ್ಟೆ ಯಾವ ಬೆಲೆಗೂ ಸಿಗುವುದಿಲ್ಲ. ಹಾಗೆ ಹೇಳಿ ಮಾರುವವರ ಅಂಗಡಿಯಿಂದ ಎದ್ದು ಬನ್ನಿ.

ಪೇಟೆಯಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ. ತಾಯಿ ಮಗನ ಜೊತೆ ಬಂದಿದ್ದಾಳೆ. ಹಸಿರು ಬಣ್ಣದ, ತೋಳಿನ ಮೇಲೆ ಜಿಪ್ ಜೇಬಿರುವ, ಎದೆಗೆ ರೆಕ್ಕೆಯ ಬಿಲ್ಲೆ ಹೊಲಿದ ಜಾಕೆಟ್ ಕೌಂಟರಿನ ಮೇಲಿದೆ.

‘ಅಣ್ಣಾರ, ಇದು ಬೆಂಕಿಗೆ ಹತ್ತಂಗಿಲ್ಲೇನ್ರೀ?’

‘ಏನೂ ಆಗಂಗಿಲ್ರೀ ಅಕ್ಕಾರ, ಪೈಲಟ್ ಜಾಕೆಟ್ಟೇ ಐತಿ ಇದು.’

‘ಒಳಗಿನ ಪಟ್ಟಿ ಓದಪಾ ತಮ್ಮಾ, ಏನ್ ಬರ್ದಾರ?’

ಮಗ ಓದುತ್ತಾನೆ: ಮೇಲ್ಬಟ್ಟೆ ನೂರಕ್ಕೆ ನೂರು ನೈಲಾನ್, ಅಸ್ತರ ಪಾಲಿಯೆಸ್ಟರ್, ಒಳಗಿನ ತುಂಬು ಪಾಲಿಯೆಸ್ಟರ್. ವ್ಯಾಪಾರ ಅಲ್ಲಿಗೆ ನಿಲ್ಲಬೇಕು. ಆ ತಾಯಿ ಕೇಳಿದ ಹಾಗೆ ಪಟ್ಟಿ ಓದಿಸುವುದೇ ಈ ಖರೀದಿಯ ಮೊದಲ ಹೆಜ್ಜೆ. ಮೇಲ್ಬಟ್ಟೆ, ಅಸ್ತರ, ತುಂಬು ಮೂರನ್ನೂ ಬೇರೆ ಬೇರೆಯಾಗಿ ಓದಬೇಕು. ಪಟ್ಟಿಯೇ ಇಲ್ಲದ ಜಾಕೆಟ್ ಎಷ್ಟೇ ಅಗ್ಗವಾಗಿರಲಿ, ಹಾರಾಟಕ್ಕೆ ಬೇಡ.

ಈ ಗೊಂದಲ ಹುಟ್ಟಿದ್ದು ಜಾಕೆಟ್ಟಿನ ಚರಿತ್ರೆಯಿಂದಲೇ. ಟಾಟಾ ಅವರ ಟಪಾಲು ವಿಮಾನ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಹೋಗತೊಡಗಿದ 1932ರ ಕಾಲಕ್ಕೆ ಪೈಲಟ್ ಎಂದರೆ ಚರ್ಮದ ಜಾಕೆಟ್ಟು. ಅಮೆರಿಕದ ಸೇನೆ ಎ-2 ಎಂಬ ಚರ್ಮದ ಜಾಕೆಟ್ಟನ್ನು ಹಿಂದಿನ ವರ್ಷವಷ್ಟೇ ತನ್ನ ಪೈಲಟ್‌ಗಳಿಗೆ ಒಪ್ಪಿಕೊಂಡಿತ್ತು. ಬ್ರಿಟಿಷರದು ಕುರಿಯ ಉಣ್ಣೆ ಒಳಗಿಟ್ಟ ದಪ್ಪ ತೊಗಲಿನ ಜಾಕೆಟ್. 1950ರ ದಶಕದಲ್ಲಿ ಹಗುರವಾದ ನೈಲಾನಿನ ಎಂಎ-1 ಬಂತು. ಇಂದು ಕಾಲೇಜು ಹುಡುಗರು ಫ್ಯಾಷನ್ನಿಗೆ ತೊಡುವ ‘ಬಾಂಬರ್’ ಜಾಕೆಟ್ಟಿನ ಮೂಲ ಅದೇ. ನೈಲಾನ್ ಚಳಿಗೆ ಒಳ್ಳೆಯದು, ಬೆಂಕಿಗೆ ಕೆಟ್ಟದ್ದು. ಡ್ಯೂಪಾಂಟ್ ಕಂಪನಿ 1967ರಲ್ಲಿ ನೋಮೆಕ್ಸ್ ಎಂಬ ನೂಲನ್ನು ಮಾರುಕಟ್ಟೆಗೆ ತಂದ ಮೇಲೆ ಮಿಲಿಟರಿ ಪೈಲಟ್‌ಗಳ ಉಡುಪು ಆ ಕಡೆಗೆ ಹೊರಳಿತು. ಅಮೆರಿಕದ ಸಿಡಬ್ಲ್ಯುಯು-45/ಪಿ ಎಂಬ ಚಳಿಗಾಲದ ಜಾಕೆಟ್ ಅದರಿಂದಲೇ ಆದದ್ದು. ಅದರ ಪಡಿಯಚ್ಚಿನಂತೆ ಕಾಣುವ ನೈಲಾನ್ ಜಾಕೆಟ್‌ಗಳು ಈಗ ಆನ್‌ಲೈನ್ ಅಂಗಡಿಗಳ ತುಂಬ ಇವೆ. ಕತ್ತರಿಸಿದ ರೀತಿ ಒಂದೇ, ಬಣ್ಣ ಒಂದೇ, ಜೇಬು ಒಂದೇ, ನೂಲು ಮಾತ್ರ ಬೇರೆ. ಹೆಸರಿನ ಮುಂದೆ ‘ಮಾದರಿ’ ಅಥವಾ ‘ಸ್ಟೈಲ್’ ಎಂಬ ಪದ ಕಂಡರೆ ಅದು ನಕಲು ಎಂದೇ ತಿಳಿಯಿರಿ.

ಅಸಲಿ ನೋಮೆಕ್ಸ್ ಗುರುತಿಸುವುದು ಹೇಗೆ? ಪೈಲಟ್ ಉಡುಪಿಗೂ ತೈಲ ಕಾರ್ಖಾನೆಗಳ ಉಡುಪಿಗೂ ಹೆಚ್ಚಾಗಿ ಬಳಸುವ ನೋಮೆಕ್ಸ್-3ಎ ಬಟ್ಟೆಯಲ್ಲಿ ಶೇ. 93ರಷ್ಟು ನೋಮೆಕ್ಸ್, ಶೇ. 5ರಷ್ಟು ಕೆವ್ಲಾರ್, ಉಳಿದ ಶೇ. 2 ಸ್ಥಾಯಿ ವಿದ್ಯುತ್ ತಡೆಯುವ ಇಂಗಾಲದ ಎಳೆ. ಬೇರೆ ಕಂಪನಿಗಳೂ ಇದೇ ಜಾತಿಯ ನೂಲು ತಯಾರಿಸುತ್ತವೆ, ಅವುಗಳ ಪಟ್ಟಿಯ ಮೇಲೆ ‘ಮೆಟಾ-ಅರಾಮಿಡ್’ ಎಂದು ಬರೆದಿರುತ್ತದೆ. ಇದು ಕರಗುವುದಿಲ್ಲ. ಸುಮಾರು 370 ಡಿಗ್ರಿ ದಾಟಿದ ಮೇಲೆ ಕಪ್ಪಾಗಿ, ದಪ್ಪಗಾಗಿ, ಗಡುಸಾಗುತ್ತದೆ. ಉರಿ ಸರಿದೊಡನೆ ಆರುತ್ತದೆ. ಈ ಗುಣ ನೂಲಿನ ಹುಟ್ಟುಗುಣ, ಮೇಲೆ ಹಚ್ಚಿದ್ದಲ್ಲ. ಆದ್ದರಿಂದ ಎಷ್ಟು ಒಗೆದರೂ ಹೋಗುವುದಿಲ್ಲ. ಬೆಲೆ ಮಾತ್ರ ಸಾಮಾನ್ಯ ಕುಟುಂಬಕ್ಕೆ ಭಾರವೇ.

ಮಿತ ಖರ್ಚಿನವರಿಗೆ ಎರಡನೇ ದಾರಿ ಇದೆ, ಅದನ್ನು ಯಾರೂ ಹುಡುಗರಿಗೆ ಹೇಳುವುದಿಲ್ಲ. ಎರಕದ ಕಾರ್ಖಾನೆ, ವೆಲ್ಡಿಂಗ್, ಪೆಟ್ರೋಲಿಯಂ ಘಟಕಗಳ ಕೆಲಸಗಾರರಿಗೆಂದು ಉರಿ ತಡೆಯುವ ಸಂಸ್ಕರಣೆ ಮಾಡಿದ ಹತ್ತಿಯ ಜಾಕೆಟ್‌ಗಳು ತಯಾರಾಗುತ್ತವೆ. ಪ್ರೋಬಾನ್, ಪೈರೋವಟೆಕ್ಸ್ ಎಂಬ ಹೆಸರು ಪಟ್ಟಿಯ ಮೇಲೆ ಕಂಡರೆ ಈ ಬಗೆಯದು. ಅರಾಮಿಡ್ ಜಾಕೆಟ್ಟಿಗೆ ಕೊಡುವುದರ ಅರ್ಧಕ್ಕೂ ಕಡಿಮೆ ದುಡ್ಡಿಗೆ ಇವು ಸಿಗುವುದುಂಟು. ಇವುಗಳಿಗೆ ಸೊಗಸಿಲ್ಲ, ರೆಕ್ಕೆಯ ಬಿಲ್ಲೆಯಿಲ್ಲ, ಕೆಲವಕ್ಕೆ ಹೊಳೆಯುವ ಪಟ್ಟಿ ಬೇರೆ ಹೊಲಿದಿರುತ್ತಾರೆ. ಆದರೆ ಬೆಂಕಿಯ ಎದುರು ಫ್ಯಾಷನ್ ಅಂಗಡಿಯ ಎಷ್ಟೋ ಪಟ್ಟು ದುಬಾರಿ ಜಾಕೆಟ್ಟಿಗಿಂತ ಇವೇ ಮೇಲು. ಕಾರ್ಖಾನೆಗಳಿಗೆ ಸುರಕ್ಷತಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಕೇಳಿ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸುತ್ತ ಇಂಥ ಅಂಗಡಿಗಳಿರುತ್ತವೆ.

ಅಲ್ಲಿ ಕೇಳಬೇಕಾದ ಸಂಖ್ಯೆ ಐಎಸ್‌ಒ 11612. ಶಾಖ ಮತ್ತು ಉರಿಯಿಂದ ರಕ್ಷಿಸುವ ಉಡುಪಿನ ಅಂತರರಾಷ್ಟ್ರೀಯ ಮಾನದಂಡ ಅದು. ಅದರ ಕೆಳಗೆ ಎ1, ಬಿ1, ಸಿ1 ಎಂಬಂಥ ಅಕ್ಷರಗಳಿರುತ್ತವೆ. ‘ಎ’ ಎಂದರೆ ಉರಿ ಹರಡದಂತೆ ತಡೆಯುವ ಗುಣ, ‘ಬಿ’ ಎಂದರೆ ಜ್ವಾಲೆಯ ಬಿಸಿ, ‘ಸಿ’ ಎಂದರೆ ದೂರದಿಂದ ಸೂಸುವ ಶಾಖ. ನಮಗೆ ಎ, ಬಿ ಮುಖ್ಯ. ‘ಡಿ’, ‘ಇ’ ಕರಗಿದ ಲೋಹ ಸಿಡಿಯುವ ಕಾರ್ಖಾನೆಗಳಿಗೆ ಸಂಬಂಧಿಸಿದ್ದು, ಅವಕ್ಕೆಂದು ಹೆಚ್ಚು ದುಡ್ಡು ಕೊಡುವುದು ಬೇಡ. ಅಮೆರಿಕದ ಎನ್‌ಎಫ್‌ಪಿಎ 2112 ಗುರುತು ಇದ್ದರೂ ಒಳ್ಳೆಯದೇ. ಅದು ಫಕ್ಕನೆ ಹೊತ್ತಿಕೊಳ್ಳುವ ಬೆಂಕಿಗೆಂದೇ ಇರುವ ಮಾನದಂಡ. ವೆಲ್ಡಿಂಗಿನ ಐಎಸ್‌ಒ 11611 ಕಿಡಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು, ಬೇರೇನೂ ಸಿಗದಿದ್ದರೆ ಅದೂ ಆದೀತು. ಸಂಖ್ಯೆ ಜಾಕೆಟ್ಟಿಗೆ ಹೊಲಿದ ಪಟ್ಟಿಯ ಮೇಲೇ ಇರಬೇಕು. ರಟ್ಟಿನ ಚೀಟಿಯ ಮೇಲೆ ಬರೆದು ದಾರದಲ್ಲಿ ಕಟ್ಟಿದ್ದನ್ನು ನಂಬಬೇಡಿ, ಚೀಟಿಯನ್ನು ಯಾವ ಜಾಕೆಟ್ಟಿಗೆ ಬೇಕಾದರೂ ಕಟ್ಟಬಹುದು.

ಪಟ್ಟಿಯ ಮೇಲೂ ಅನುಮಾನ ಬಂದರೆ ಮನೆಯಲ್ಲೇ ಮಾಡಿನೋಡುವ ಒಂದು ಪರೀಕ್ಷೆ ಇದೆ. ನೇಕಾರರಿಗೂ ಬಟ್ಟೆ ವ್ಯಾಪಾರಿಗಳಿಗೂ ಇದು ಹಳೆಯದು, ಬೆಟಗೇರಿಯ ಮಗ್ಗದ ಮನೆಗಳಲ್ಲಿ ಹಿರಿಯರನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳಿಯಾರು. ಜಾಕೆಟ್ಟಿನ ಒಳಹೊಲಿಗೆಯ ಅಂಚಿನಿಂದ ಒಂದೊಂದೇ ಎಳೆ ಎಳೆದುಕೊಳ್ಳಿ: ಮೇಲ್ಬಟ್ಟೆಯದೊಂದು, ಅಸ್ತರದ್ದೊಂದು, ಮುಂಗೈಯ ಹೆಣಿಗೆಯದೊಂದು, ಹೊಲಿಗೆ ದಾರದ್ದೊಂದು. ಸ್ಟೀಲ್ ತಾಟಿನಲ್ಲಿ ನೀರಿಟ್ಟುಕೊಂಡು, ಗಾಳಿ ಆಡದ ಕಡೆ, ಎಳೆಯನ್ನು ಚಿಮಟದಲ್ಲಿ ಹಿಡಿದು ಉರಿಯ ಬದಿಗೆ ಮೆಲ್ಲಗೆ ತನ್ನಿ. ಹತ್ತಿರ ಬರುತ್ತಲೇ ಮುದುಡಿ, ಕಪ್ಪು ಹೊಗೆ ಬಿಟ್ಟು, ತುದಿಯಲ್ಲಿ ಉರುಟಾದ ಗಟ್ಟಿ ಮಣಿ ಕಟ್ಟಿತೆಂದರೆ ಪಾಲಿಯೆಸ್ಟರ್. ಆ ಮಣಿ ಆರಿದ ಮೇಲೆ ಉಗುರಿನಿಂದ ಒತ್ತಿದರೂ ಪುಡಿಯಾಗುವುದಿಲ್ಲ. ಅಕ್ರಿಲಿಕ್ ಭರ್‍ರೆಂದು ಹತ್ತಿಕೊಂಡು, ಉರಿಯುವ ಹನಿಗಳನ್ನೇ ತಟ್ಟೆಗೆ ಬೀಳಿಸುತ್ತದೆ. ಆ ಹನಿ ನೀರಿಗೆ ಬಿದ್ದು ಚುಂಯ್ ಎನ್ನುವುದನ್ನು ಒಮ್ಮೆ ಕೇಳಿದವರು ಅಕ್ರಿಲಿಕ್ ಸ್ವೆಟರ್ ತೊಟ್ಟು ವಿಮಾನ ಹತ್ತಲಾರರು. ಬರೀ ಹತ್ತಿ ಕಾಗದದಂತೆ ಉರಿದು, ಉರಿ ಆರಿದ ಮೇಲೂ ಕೆಂಪಗೆ ಕೆಂಡ ಹಿಡಿದು, ಹಗುರ ಬೂದಿ ಬಿಡುತ್ತದೆ. ಸಂಸ್ಕರಿಸಿದ ಹತ್ತಿ ಉರಿಯಲ್ಲಿರುವ ತನಕ ಕಪ್ಪಾಗಿ, ಹೊರತೆಗೆದೊಡನೆ ಸುಮ್ಮನಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬಿಡುತ್ತ ಚುರುಗುಟ್ಟಿ, ತಾನಾಗಿ ಆರಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕರಿ ಉಳಿಸುತ್ತದೆ. ಇದು ಪ್ರಮಾಣಪತ್ರದ ಬದಲಿಗೆ ಅಲ್ಲ, ಸುಳ್ಳನ್ನು ಹಿಡಿಯಲು ಮಾತ್ರ. ಮಕ್ಕಳು ಒಬ್ಬರೇ ಮಾಡುವುದು ಬೇಡ.

ಹೊಲಿಗೆ ದಾರವನ್ನೂ ಸುಟ್ಟು ನೋಡಿ ಎಂದದ್ದಕ್ಕೆ ಕಾರಣವಿದೆ. ಮೇಲ್ಬಟ್ಟೆ ಎಷ್ಟೇ ಒಳ್ಳೆಯದಿದ್ದರೂ ದಾರ ಪಾಲಿಯೆಸ್ಟರ್ ಆಗಿದ್ದರೆ ಉರಿಗೆ ಹೊಲಿಗೆಯೇ ಬಿಚ್ಚಿಕೊಂಡು ತೋಳು ಬೇರೆ, ಮೈ ಬೇರೆ ಆಗುತ್ತದೆ. ಜಿಪ್ಪಿನದೂ ಅದೇ ಕತೆ. ಹಿತ್ತಾಳೆಯ ಹಲ್ಲಿನ ಜಿಪ್ ಬೇಕು, ಪ್ಲಾಸ್ಟಿಕ್ ಹಲ್ಲಿನದು ಕರಗಿ ಬೆಸೆದುಕೊಂಡರೆ ಜಾಕೆಟ್ ಬಿಚ್ಚಲಿಕ್ಕೇ ಬರುವುದಿಲ್ಲ. ಲೋಹದ ಜಿಪ್ ಬಿಸಿಯಾಗಿ ಎದೆ ಸುಡಬಾರದು, ಹಾಗಾಗಿ ಅದರ ಒಳಗೆ ಬಟ್ಟೆಯ ಪಟ್ಟಿ ಇರಬೇಕು.

ಇನ್ನು ಚಳಿಯ ಲೆಕ್ಕ. ಸಾವಿರ ಅಡಿ ಮೇಲೇರಿದಂತೆ ಗಾಳಿಯ ಉಷ್ಣತೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನೆಲದ ಮೇಲೆ 14 ಡಿಗ್ರಿ ಇದ್ದರೆ ಐದು ಸಾವಿರ ಅಡಿ ಮೇಲೆ 4 ಡಿಗ್ರಿ. ಚಳಿಗಾಲದ ಕೆಲವು ಮುಂಜಾವುಗಳಲ್ಲಿ ಇದು ತಿರುಗುಮುರುಗಾಗಿ, ನೆಲದ ಹತ್ತಿರವೇ ಹೆಚ್ಚು ತಂಪಿರುವುದೂ ಉಂಟು. ಹಾರುವ ಮುಂಚೆ ವಿಮಾನದ ಸುತ್ತ ಸುತ್ತಿ ತಪಾಸಣೆ ಮಾಡುವಾಗಲೇ ಕೈ ಮರಗಟ್ಟುವುದು ಅದಕ್ಕೇ. ಸೆಸ್ನಾದಂಥ ಮುಚ್ಚಿದ ವಿಮಾನದಲ್ಲಿ ಹೀಟರ್ ಇರುತ್ತದೆ. ಆದರೆ ಅದು ಎಂಜಿನ್ನಿನ ಹೊಗೆಕೊಳವೆಯ ಸುತ್ತಲಿನ ಬಿಸಿಗಾಳಿಯನ್ನೇ ಒಳಗೆ ತರುವ ವ್ಯವಸ್ಥೆ. ಕೊಳವೆಯಲ್ಲಿ ಬಿರುಕು ಬಿಟ್ಟರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷ ಒಳಗೆ ಬರುತ್ತದೆ, ಆಗ ಹೀಟರ್ ಮುಚ್ಚಿ ಕಿಟಕಿ ತೆರೆಯಬೇಕಾಗುತ್ತದೆ. ಆದ್ದರಿಂದ ‘ಹೀಟರ್ ಇದೆಯಲ್ಲ’ ಎಂದು ತೆಳುವಾಗಿ ಹೋಗುವುದು ತಪ್ಪು. ಮೈ ಬಯಲಿಗಿರುವ ಮೈಕ್ರೋಲೈಟ್, ಪವರ್ ಗ್ಲೈಡರ್ ಹಾರಿಸುವವರ ಮಾತೇ ಬೇರೆ. 10 ಡಿಗ್ರಿಯ ಗಾಳಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಡಿದರೆ ಬರಿಮೈಗೆ 4 ಡಿಗ್ರಿಯಷ್ಟು ಕೊರೆಯುತ್ತದೆ. ನಸುಕಿನಲ್ಲಿ ಕುರ್ತಕೋಟಿಯಿಂದ ಗದಗಿಗೆ ಬೈಕಿನಲ್ಲಿ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥವರಿಗೆ ಗಾಳಿ ತೂರದ ದಟ್ಟ ನೇಯ್ಗೆಯ ಮೇಲ್ಬಟ್ಟೆ, ಜಿಪ್ಪಿನ ಮೇಲೆ ಮುಚ್ಚುಪಟ್ಟಿ, ಮುಂಗೈಯಲ್ಲಿ ಬಿಗಿ ಹೆಣಿಗೆ ಬೇಕೇ ಬೇಕು.

ಬೆಚ್ಚಗಿರಲು ಒಂದೇ ದಪ್ಪ ಜಾಕೆಟ್ಟಿಗಿಂತ ಪದರ ಪದರವಾಗಿ ತೊಡುವುದು ಒಳ್ಳೆಯದು, ಅಗ್ಗವೂ ಹೌದು. ಹೊರಪದರ ಉರಿ ತಡೆಯಲಿ, ನಡುವಿನದು ಬೆಚ್ಚಗಿಡಲಿ, ಒಳಗಿನದು ಬೆವರು ಹೀರಲಿ. ಒಳಗೆ ಅಪ್ಪಟ ಹತ್ತಿಯ ಬನಿಯನ್ ಸಾಕು. ಜಾಹೀರಾತಿನ ‘ಥರ್ಮಲ್’ ಒಳಉಡುಪು ಹೆಚ್ಚಾಗಿ ಪಾಲಿಯೆಸ್ಟರ್ ಮಿಶ್ರಣ, ಮೈಗೆ ತಾಗಿಯೇ ಇರುವುದರಿಂದ ಅದೇ ಎಲ್ಲಕ್ಕಿಂತ ಅಪಾಯದ್ದು. ಫ್ಲೀಸ್ ಎಂಬ ಮೆತ್ತನೆಯ ಬಟ್ಟೆಯೂ ಪಾಲಿಯೆಸ್ಟರ್ರೇ. ಸಮವಸ್ತ್ರದ ಬಿಳಿ ಅಂಗಿಯನ್ನು ಟೆರಿಕಾಟ್ ಬಿಟ್ಟು ಹತ್ತಿಯಲ್ಲಿ ಹೊಲಿಸಿ. ಇಸ್ತ್ರಿಯ ಕಾಟ ಸ್ವಲ್ಪ ಹೆಚ್ಚಾದೀತು, ಆಗಲಿ.

ನಡುವಿನ ಪದರದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ನಮ್ಮ ನಾಡಿನ ಹತ್ತಿರವೇ ಉತ್ತರವಿದೆ. ಮೈಗೆ ಬೆಂಕಿ ಹತ್ತಿದವರ ಮೇಲೆ ಕಂಬಳಿ ಹೊಚ್ಚಬೇಕು ಎಂದು ಹಳ್ಳಿಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಗಾಳಿ ಹೋಗದಂತೆ ಮುಚ್ಚುವುದು ಅದರ ಒಂದು ಕಾರಣ. ಕಂಬಳಿ ತಾನೇ ಸುಲಭಕ್ಕೆ ಹೊತ್ತಿಕೊಳ್ಳದಿರುವುದು ಇನ್ನೊಂದು. ನಮ್ಮ ಸುತ್ತಲಿನ ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕವಿದೆ. ಹತ್ತಿ ಉರಿಯುತ್ತಲೇ ಇರಲು ಶೇ. 18 ಸಾಕು, ಅದಕ್ಕೇ ಅದು ಆರುವುದಿಲ್ಲ. ಉಣ್ಣೆಗೆ ಸುಮಾರು ಶೇ. 25 ಬೇಕು, ನೋಮೆಕ್ಸ್‌ಗೆ ಶೇ. 28ರ ಮೇಲೆ. ಅಷ್ಟು ಆಮ್ಲಜನಕ ಸಾಮಾನ್ಯ ಗಾಳಿಯಲ್ಲಿ ಇಲ್ಲ. ಉಣ್ಣೆಯಲ್ಲಿ ಶೇ. 16ರಷ್ಟು ಸಾರಜನಕವಿದೆ, ಗಾಳಿಯ ತೇವವನ್ನು ಅದು ಸದಾ ಹೀರಿಕೊಂಡಿರುತ್ತದೆ, ತಾನಾಗಿ ಹೊತ್ತಿಕೊಳ್ಳಲು 570 ಡಿಗ್ರಿಯ ಆಚೆಗಿನ ಶಾಖ ಬೇಕು. ಸುಟ್ಟರೂ ಉಬ್ಬಿದ ಕರಿಯ ಪದರವಾಗಿ ಒಳಗಿನದನ್ನು ಕಾಯುತ್ತದೆ. ವಿಮಾನ ಕಂಪನಿಗಳು ಸೀಟಿನ ಹೊದಿಕೆಗೆ ಉಣ್ಣೆ ಮಿಶ್ರಿತ ಬಟ್ಟೆ ಬಳಸುತ್ತ ಬಂದದ್ದಕ್ಕೆ ಈ ಗುಣವೂ ಕಾರಣ.

ದಖನಿ ಕುರಿಯ ಕರಿ ಉಣ್ಣೆಯಿಂದ ಕುರುಬರ ಮನೆಗಳಲ್ಲಿ ನೂತು, ಗುಂಡಿಮಗ್ಗದಲ್ಲಿ ನೇಯ್ದ ಕಂಬಳಿ ಚಳ್ಳಕೆರೆಯಲ್ಲಿ, ಹಾವೇರಿ ಜಿಲ್ಲೆಯ ಮೆಡ್ಲೇರಿಯಲ್ಲಿ ಇಂದಿಗೂ ಸಿಗುತ್ತದೆ. ಈ ಉಣ್ಣೆ ಒರಟು, ಬರಿಮೈಗೆ ಚುಚ್ಚುತ್ತದೆ. ಆದರೆ ಅಂಗಿಯ ಮೇಲೆ ತೊಡುವ ತೋಳಿಲ್ಲದ ಜಾಕೀಟಿಗೆ ಇದಕ್ಕಿಂತ ಬೇರೆ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಹಳೆಯ, ಬಳಸಿ ಮೆತ್ತಗಾದ ಕಂಬಳಿಯಿಂದ ಒಳ್ಳೆಯ ದರ್ಜಿ ಅಂಥದ್ದನ್ನು ಹೊಲಿದು ಕೊಡಬಲ್ಲ. ಹೊಸ ಕಂಬಳಿಯಾದರೆ ಮೊದಲು ನೆನೆಹಾಕಿ ಒಗೆಯಿರಿ. ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ, ಕಂಬಳಿ ಸೆಟೆದು ನಿಲ್ಲುವುದು ಅದರಿಂದಲೇ. ಗಂಜಿ ಹೋದರೆ ಬಟ್ಟೆ ಬಾಗುತ್ತದೆ, ಉರಿಯುವ ಪದಾರ್ಥವೂ ಕಡಿಮೆಯಾಗುತ್ತದೆ. ಅಸ್ತರಕ್ಕೆ ಖಾದಿ ಅಥವಾ ಮಗ್ಗದ ಹತ್ತಿ, ಹೊಲಿಗೆಗೆ ಹತ್ತಿಯ ದಾರ, ಗುಂಡಿ ಲೋಹದ್ದು. ಕೊಳ್ಳುವಾಗ ಎಳೆಯನ್ನು ಸುಟ್ಟು ನೋಡುವುದನ್ನು ಇಲ್ಲಿ ಮರೆಯಬೇಡಿ. ಪಾಣಿಪತ್ತಿನ ಕಡೆಯಿಂದ ಬರುವ ಅಗ್ಗದ ಹೊದಿಕೆಗಳಲ್ಲಿ ಹಳೆ ಬಟ್ಟೆ ಹಿಂಜಿ ತೆಗೆದ ಮಿಶ್ರ ನೂಲು ಇರುತ್ತದೆ, ಅದರಲ್ಲಿ ಅಕ್ರಿಲಿಕ್ ಎಷ್ಟು, ಉಣ್ಣೆ ಎಷ್ಟು ಎಂದು ಹೇಳಲಾಗದು. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಟಿಬೆಟನ್ನರು ತಂದು ಮಾರುವ ಸ್ವೆಟರುಗಳು ಮನೆಯಲ್ಲಿ ತೊಡಲು ಚೆನ್ನ. ಆದರೆ ಅವುಗಳಲ್ಲೂ ಹೆಚ್ಚಿನವು ಅಕ್ರಿಲಿಕ್, ಹಾರಾಟಕ್ಕೆ ಅಪ್ಪಟ ಉಣ್ಣೆಯದನ್ನೇ ಕೇಳಿ ತೆಗೆದುಕೊಳ್ಳಿ. ಗಿರಣಿಯ ಸ್ವೆಟರ್ ಕೊಳ್ಳುವವರು ವುಲ್‌ಮಾರ್ಕ್ ಗುರುತು ನೋಡಬಹುದು. ಉಣ್ಣೆಯನ್ನು ಹೊರಪದರವಾಗಿ ಮಾತ್ರ ನೆಚ್ಚಬೇಡಿ. ಸಡಿಲ ನೇಯ್ಗೆಯಲ್ಲಿ ಗಾಳಿಯೂ ತೂರುತ್ತದೆ, ಇಂಧನವೂ ಇಂಗುತ್ತದೆ.

ಚರ್ಮದ ಜಾಕೆಟ್ ಬೇಡವೇ ಎಂದು ಕೇಳುವವರಿದ್ದಾರೆ. ಅಸಲಿ ಆಡಿನ ಅಥವಾ ಕುರಿಯ ಚರ್ಮ ಉರಿಗೆ ಸೆಟೆದು ಕರಿಯಾಗುತ್ತದೆಯೇ ಹೊರತು ಕರಗಿ ಹನಿಯುವುದಿಲ್ಲ. ಗಾಳಿಯನ್ನೂ ತಡೆಯುತ್ತದೆ. ಒಳಗೆ ಹತ್ತಿಯ ಅಸ್ತರವಿದ್ದರೆ ಕೊಳ್ಳಬಹುದು. ಸಮಸ್ಯೆ ಎಂದರೆ ಮಿತ ಬೆಲೆಯ ‘ಲೆದರ್’ ಬಹುತೇಕ ರೆಗ್ಜಿನ್ ಅಥವಾ ‘ಪಿಯು’, ಅಂದರೆ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ಲೇಪ. ಕತ್ತರಿಸಿದ ಅಂಚಿನಲ್ಲಿ ಅಸಲಿ ಚರ್ಮದ ನಾರು ಕಾಣುತ್ತದೆ, ನಕಲಿಯಲ್ಲಿ ಬಟ್ಟೆಯ ನೇಯ್ಗೆ ಕಾಣುತ್ತದೆ. ಅಸಲಿಯಲ್ಲೂ ಸ್ಯಾಟಿನ್ ಅಸ್ತರವಿದ್ದರೆ ಬಿಚ್ಚಿಸಿ ಹತ್ತಿಯದು ಹಾಕಿಸಿ, ಗದಗಿನ ಯಾವ ದರ್ಜಿಯಾದರೂ ಮಾಡಿಕೊಡುವ ಕೆಲಸ ಅದು.

ವಿದೇಶಿ ಮಿಲಿಟರಿಯ ಬಳಸಿದ ಅರಾಮಿಡ್ ಜಾಕೆಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಅಳತೆ, ಕಸ್ಟಮ್ಸ್ ಸುಂಕ, ಸಾಗಣೆ ಸೇರಿ ಎಷ್ಟಾಯಿತು ಎಂದು ಮೊದಲೇ ಕೂಡಿಸಿ ನೋಡಿ. ಮುಂಗೈ, ಸೊಂಟದ ಹೆಣಿಗೆಯನ್ನು ಯಾರೋ ಅಕ್ರಿಲಿಕ್ಕಿನಲ್ಲಿ ಬದಲಿಸಿರಬಹುದು, ಎಣ್ಣೆಯ ಕಲೆ ಇರಬಹುದು. ನಮ್ಮ ವಾಯುಪಡೆಯ ಬಿಲ್ಲೆ, ಪದವಿಯ ಪಟ್ಟಿ ಇರುವ ಯಾವುದನ್ನೂ ತೊಡಬೇಡಿ. ಅದು ಗಳಿಸಿದವರದು.

ಲೆಕ್ಕಕ್ಕೆ ಹತ್ತು ಸಾವಿರ ರೂಪಾಯಿ ಮಿತಿ ಇಟ್ಟುಕೊಳ್ಳೋಣ. ನಾನಾದರೆ ಅರ್ಧಕ್ಕೆ ಐಎಸ್‌ಒ 11612 ಗುರುತಿನ ಹೊರಜಾಕೆಟ್ ತೆಗೆದುಕೊಂಡು, ಕಾಲುಭಾಗವನ್ನು ಉಣ್ಣೆಗೆ, ಉಳಿದದ್ದನ್ನು ಕೈಗವಸು, ಹತ್ತಿಯ ಬನಿಯನ್, ಉಣ್ಣೆಯ ಕಾಲುಚೀಲಕ್ಕೆ ಇಡುತ್ತೇನೆ. ಕೈಗವಸು ತೆಳು ಚರ್ಮದ್ದು ಅಥವಾ ಅರಾಮಿಡ್‌ನದು ಇರಲಿ. ಬೆಲ್ಟ್ ಬಿಚ್ಚುವುದು, ಬಾಗಿಲು ದೂಡುವುದು ಎಲ್ಲ ಕೈಯಿಂದಲೇ ಆಗಬೇಕು. ಐದೇ ಸಾವಿರವಿದ್ದರೆ ಸಂಸ್ಕರಿಸಿದ ಹತ್ತಿಯ ಜಾಕೆಟ್ಟಿಗೆ ಅಷ್ಟನ್ನೂ ಹಾಕಿ, ಒಳಗಿನ ಉಣ್ಣೆಗೆ ಮನೆಯಲ್ಲಿರುವ ಕಂಬಳಿಯನ್ನೇ ದರ್ಜಿಗೆ ಒಯ್ಯಿರಿ. ಕೊಳ್ಳುವ ಮೊದಲು ತರಬೇತಿ ಸಂಸ್ಥೆಗೆ ಒಂದು ಫೋನ್ ಮಾಡಿ ಬಣ್ಣದ ನಿಯಮ ಕೇಳಿಕೊಳ್ಳಿ.

ಅಂಗಡಿಯಲ್ಲಿ ತೊಟ್ಟು ನೋಡುವಾಗ ನಿಂತು ನೋಡಿದರೆ ಸಾಲದು, ಕುರ್ಚಿಯಲ್ಲಿ ಕೂತು ನೋಡಿ. ಎರಡೂ ಕೈ ಮುಂದೆ ಚಾಚಿದಾಗ ತೋಳು ಮಣಿಕಟ್ಟಿನಿಂದ ಮೇಲೇರಬಾರದು. ಕತ್ತು ತಿರುಗಿಸಿ ಹಿಂದೆ ನೋಡಿದಾಗ ಕಾಲರ್ ತಡೆಯಬಾರದು. ಜಾಕೆಟ್ ಸೊಂಟಕ್ಕೆ ನಿಲ್ಲಬೇಕು, ತೊಡೆಯ ಮೇಲೆ ಬಿದ್ದರೆ ಬೆಲ್ಟಿನ ಬಕಲ್ ಮುಚ್ಚಿಹೋಗುತ್ತದೆ. ಗುಬುಗುಬು ಉಬ್ಬಿದ ಜಾಕೆಟ್ ಇದ್ದರೆ ಭುಜದ ಬೆಲ್ಟ್ ಬಿಗಿಯಾದಂತೆ ಕಂಡರೂ ಬಡಿತದ ಹೊತ್ತಿಗೆ ಒಳಗಿನ ಗಾಳಿ ಹೋಗಿ ಸಡಿಲವಾಗುತ್ತದೆ. ತಲೆಗವಸು ಹೊಲಿದದ್ದು ಬೇಡ, ಹೆಡ್‌ಸೆಟ್ಟಿಗೆ ಅಡ್ಡ ಬರುತ್ತದೆ. ಇಂಥ ಜಾಕೆಟ್ಟುಗಳು ಹೆಚ್ಚಾಗಿ ಗಂಡಸರ ಅಳತೆಯಲ್ಲೇ ಬರುತ್ತವೆ. ಹುಡುಗಿಯರು ಭುಜದ ಅಳತೆಗೆ ತೆಗೆದುಕೊಂಡು ಸೊಂಟ, ತೋಳನ್ನು ದರ್ಜಿಯಿಂದ ಸರಿಮಾಡಿಸಿಕೊಳ್ಳಿ, ದಾರವನ್ನು ನೀವೇ ಕೊಡಿ. ದುಪಟ್ಟಾ, ನೈಲಾನಿನ ಸ್ಕಾರ್ಫ್ ಕಾಕ್‌ಪಿಟ್ಟಿಗೆ ಬೇಡ. ಏರುವಾಗ, ಇಳಿಯುವಾಗ ಜಿಪ್ ಕತ್ತಿನ ತನಕ ಹಾಕಿರಲಿ. ತೆರೆದ ಜಾಕೆಟ್ ಹೊರಪದರದ ಕೆಲಸವನ್ನೇ ಮಾಡುವುದಿಲ್ಲ.

ಹಾರುವ ಮುನ್ನ ರೆಕ್ಕೆಯ ಕೆಳಗಿನ ಕವಾಟದಿಂದ ಇಂಧನದ ಮಾದರಿ ತೆಗೆದು ನೀರು ಬೆರೆತಿದೆಯೇ ನೋಡುತ್ತೀರಿ. ವಿಮಾನದ ಆ ನೀಲಿ ಬಣ್ಣದ ಪೆಟ್ರೋಲು ಕೈ ಮೇಲೆತ್ತಿ ಹಿಡಿದ ಬಟ್ಟಲಿನಿಂದ ಮುಂಗೈಗೆ ಇಳಿದು ತೋಳಿನೊಳಗೆ ಹೋಗುವುದು ದಿನನಿತ್ಯದ ಮಾತು. ಇಂಧನ ಕುಡಿದ ತೋಳು ಯಾವ ನೂಲಿನದಾದರೂ ಉರಿಯುತ್ತದೆ. ತೋಳು ಮೇಲಕ್ಕೆ ಮಡಚಿಕೊಂಡು ಈ ಕೆಲಸ ಮಾಡಿ, ತೊಯ್ದರೆ ಆ ಜಾಕೆಟ್ ಬಿಚ್ಚಿ ಬಯಲಲ್ಲಿ ಒಣಗಹಾಕಿ, ಒಗೆದ ಮೇಲೆಯೇ ಮತ್ತೆ ತೊಡಿ.

ಒಗೆಯುವುದರಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಬೇಳೆ ಬೇಯಿಸದ, ಸಾಬೂನು ನೊರೆ ಬಿಡದ, ಪಾತ್ರೆಯ ಅಂಚಿಗೆ ಬಿಳಿ ಪಕಳೆ ಕಟ್ಟುವ ಬೋರ್‌ವೆಲ್ ನೀರು ಮುಂಡರಗಿ, ಶಿರಹಟ್ಟಿ, ಗದಗ ತಾಲ್ಲೂಕಿನ ಊರುಗಳಲ್ಲಿ ಸಾಮಾನ್ಯ. ಅಂಥ ಗಡಸು ನೀರಿನಲ್ಲಿ ಬಾರ್ ಸೋಪು ಹಚ್ಚಿ ಒಗೆದರೆ ಸಾಬೂನಿನ ಜಿಡ್ಡು ಎಳೆಗಳ ನಡುವೆ ಕೂತುಬಿಡುತ್ತದೆ. ಆ ಜಿಡ್ಡು ಉರಿಯುವಂಥದ್ದು, ಸಂಸ್ಕರಿಸಿದ ಹತ್ತಿಯ ಗುಣವನ್ನೇ ಮಂಕುಮಾಡುತ್ತದೆ. ಮಳೆನೀರು ಅಥವಾ ಮೆತ್ತನೆಯ ಕೆರೆನೀರು ಸಿಕ್ಕರೆ ಅದರಲ್ಲೇ ಒಗೆಯಿರಿ. ಇಲ್ಲದಿದ್ದರೆ ಸೋಪು ಬಿಟ್ಟು ದ್ರವ ಡಿಟರ್ಜೆಂಟ್ ಬಳಸಿ, ಜಾಲಿಸುವುದನ್ನು ಇನ್ನೊಮ್ಮೆ ಹೆಚ್ಚು ಮಾಡಿ. ಬ್ಲೀಚಿಂಗ್ ಪುಡಿ ಮುಟ್ಟಿಸಬೇಡಿ, ಅದು ಸಂಸ್ಕರಣೆಯನ್ನೇ ಕಿತ್ತುಹಾಕುತ್ತದೆ. ಬಟ್ಟೆ ಮೆತ್ತಗಾಗಲು, ಸುವಾಸನೆಗೆ ಹಾಕುವ ದ್ರವ ಬೇಡ. ಗಂಜಿಯಂತೂ ಬೇಡವೇ ಬೇಡ. ನೆರಳಲ್ಲಿ ಒಣಗಿಸಿ. ಉಣ್ಣೆಯನ್ನು ಬೇಸಿಗೆಗೆ ಎತ್ತಿಡುವಾಗ ನುಸಿ ಹತ್ತದಂತೆ ಒಣ ಬೇವಿನೆಲೆ ಇಟ್ಟರೆ ಸಾಕು.

ಸಂಸ್ಕರಿಸಿದ ಹತ್ತಿಗೆ ಎಷ್ಟು ಒಗೆತದ ತನಕ ಗುಣ ಉಳಿಯುತ್ತದೆ ಎಂದು ತಯಾರಕರು ಪಟ್ಟಿಯಲ್ಲಿ ಬರೆದಿರುತ್ತಾರೆ. ಅದನ್ನು ಲಾಗ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡು ಪ್ರತಿ ಒಗೆತಕ್ಕೊಂದು ಗೆರೆ ಎಳೆಯಿರಿ. ಮೊಣಕೈ ಸವೆದು ಬಟ್ಟೆ ತೆಳ್ಳಗಾಗಿದ್ದರೆ, ಹೋಗದ ಎಣ್ಣೆಯ ಕಲೆ ಕೂತಿದ್ದರೆ, ಹೊಲಿಗೆ ಬಿಟ್ಟ ಕಡೆ ಸಾದಾ ದಾರದಲ್ಲಿ ತೇಪೆ ಬಿದ್ದಿದ್ದರೆ ಆ ಜಾಕೆಟ್ಟನ್ನು ಹಾರಾಟದಿಂದ ತೆಗೆದು ಬೈಕಿಗೆ ಇಟ್ಟುಕೊಳ್ಳಿ. ತಮ್ಮನಿಗೋ ತಂಗಿಗೋ ಹಾರಾಟಕ್ಕೆಂದು ಅದನ್ನೇ ದಾಟಿಸಬೇಡಿ.